ಗುವಾಹಟಿಗೆ ಒಂದು ಗೇಣು

ನನ್ನ ಮೇಜಿನ ಡ್ರಾಯರಿನಲ್ಲಿ, ಬರೆಯದ ಪೆನ್ನುಗಳು, ಮುರಿದ ಸೀಮೆಸುಣ್ಣದ ಚೂರುಗಳು, ಯಾವ ಬೀಗದ್ದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದ ಎರಡು ಕೀಲಿಕೈಗಳು, ಇವುಗಳ ನಡುವೆ ಒಂದು ಕೆಂಪು ದಾರದ ತುಂಡಿದೆ. ಕೌದಿ ಹೊಲಿಯುವ ದಪ್ಪ ದಾರ. ಉದ್ದ ಒಂದು ಗೇಣಿಗೆ ಉಗುರಿನಷ್ಟು ಕಡಿಮೆ, ಎರಡೂ ತುದಿಗೆ ಒಂದೊಂದು ಗಂಟು. ಅಮಾವಾಸ್ಯೆಗೊಮ್ಮೆ ಡ್ರಾಯರು ಝಾಡಿಸುವ ನನ್ನ ಹೆಂಡತಿ ಉಳಿದದ್ದನ್ನೆಲ್ಲ ಕಸಕ್ಕೆ ಹಾಕುವ ಬೆದರಿಕೆ ಒಡ್ಡುತ್ತಾಳೆ, ಈ ದಾರವನ್ನು ಮಾತ್ರ ಇದ್ದಲ್ಲೇ ಇಟ್ಟುಬಿಡುತ್ತಾಳೆ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ.

ದಾರದ ಕಥೆಗೆ ಹೋಗುವ ಮೊದಲು ನನ್ನ ಸ್ವಭಾವದ ಬಗ್ಗೆ ನಾಲ್ಕು ಮಾತು ಹೇಳಿಬಿಡುವುದು ಒಳ್ಳೆಯದು. ಜೇವರ್ಗಿಯ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮಾಸ್ತರ. ಐವತ್ತು ದಾಟಿ ಎರಡು ವರ್ಷವಾಯಿತು. ಚಿಂತೆ ಮಾಡುವುದರಲ್ಲಿ ನನಗಿರುವ ಅನುಭವ ಪಾಠ ಮಾಡುವುದರಲ್ಲೂ ಇಲ್ಲ. ಅಫಜಲಪುರ ನನ್ನ ಹೆಂಡತಿಯ ತವರು, ಬಸ್ಸು ಹತ್ತಿದರೆ ಎರಡು ತಾಸಿನ ದಾರಿ, ಆದರೆ ಒಂಬತ್ತರ ಬಸ್ಸಿಗೆ ನಾನು ಏಳೂವರೆಗೇ ನಿಲ್ದಾಣದಲ್ಲಿ ಹಾಜರಿರುತ್ತೇನೆ. ಎಂಟರ ಬಸ್ಸು ಕಣ್ಣೆದುರೇ ಖಾಲಿ ಸೀಟುಗಳನ್ನು ಹೊತ್ತುಕೊಂಡು ಹೋದರೂ, ನಾವು ಲೆಕ್ಕ ಹಾಕಿಕೊಂಡು ಬಂದದ್ದು ಒಂಬತ್ತರದ್ದಲ್ಲವೇ ಎಂದು ಕೂತೇ ಇರುತ್ತೇನೆ. ಘತ್ತರಗಿಯ ಭಾಗ್ಯವಂತಿಗೆ ಕಾಯಿ ಒಡೆಸಲು ಹೊರಟಾಗಲೂ ಇದೇ ಪಾಡು. ಒಮ್ಮೆ ಹೆಂಡತಿ ಚೀಲದ ಮೇಲೆ ಗದ್ದ ಊರಿಕೊಂಡು ಹೇಳಿದ್ದಳು: "ನಿಮಗ ಬಸ್‌ಸ್ಟ್ಯಾಂಡಿನ್ಯಾಗೇ ಒಂದು ಖೋಲಿ ಬಾಡಿಗಿ ಹಿಡ್ಯಾಮು ನಡ್ರಿ. ಅಲ್ಲೇ ರೊಟ್ಟಿ ಬಡಿತೇನಿ, ಅಲ್ಲೇ ಉಣ್ರಿ, ಬಸ್ ಎಲ್ಲೂ ತಪ್ಪಂಗಿಲ್ಲ." ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಣ್ಣುಮಗಳೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಗಡಿಯಾರ ನೋಡಿಕೊಂಡೆ.

ಇಂಥವನಿಗೆ ದೂರವನ್ನು ಅಳೆಯುವ ಹುಚ್ಚು ಹತ್ತಿದ್ದರಲ್ಲಿ ಆಶ್ಚರ್ಯವೇನಿದೆ? ಹೆದರುವವನಿಗೆ ಅಂಕಿಗಳಂಥ ಆಸರೆ ಇನ್ನೊಂದಿಲ್ಲ. ಮೊಬೈಲು ಬಂದ ಮೇಲಂತೂ ಊಟವಾದ ತಕ್ಷಣ ಎರಡು ಊರುಗಳ ಹೆಸರು ಒತ್ತಿ, ಅವುಗಳ ನಡುವಿನ ವಿಮಾನದ ದೂರ ಇಷ್ಟು, ಹಾರಾಟದ ಅವಧಿ ಇಷ್ಟು ಎಂದು ಓದಿಕೊಳ್ಳುವುದು ನನ್ನ ಎಲೆ‌ಅಡಿಕೆಯಾಯಿತು. ಹೈದರಾಬಾದಿನಿಂದ ಜೆದ್ದಾ, ದಿಲ್ಲಿಯಿಂದ ಟೋಕಿಯೋ, ನಾನು ಕಾಣದ, ಕಾಣುವ ಸಂಭವವೂ ಇಲ್ಲದ ಊರುಗಳ ನಡುವೆ ಮಂಚದ ಮೇಲೆ ಅಡ್ಡಾಗಿ ಓಡಾಡಿದೆ. ವಿಮಾನವನ್ನು ಮಾತ್ರ ನಾನು ಇಲ್ಲಿಯವರೆಗೆ ಹತ್ತಿಲ್ಲ. ಆಕಾಶದಲ್ಲಿ ಹೊಳೆ ಇಲ್ಲ, ಬೆಟ್ಟವಿಲ್ಲ, ಊರ ಮುಂದಿನ ರಸ್ತೆ ಉಬ್ಬುಗಳಿಲ್ಲ, ಎರಡು ಊರುಗಳ ನಡುವೆ ಹಕ್ಕಿ ಹಾರುವ ಹಾಗೆ ಒಂದು ನೇರ ಗೆರೆ, ಆ ಗೆರೆಗೆ ಇಷ್ಟು ತಾಸು. ಎಂಥ ಶುದ್ಧವಾದ ಲೆಕ್ಕ ಎಂದು ಖುಷಿಪಡುತ್ತಿದ್ದೆ. ಆದರೆ ಆ ಲೆಕ್ಕದ ಬುಡಕ್ಕೆ ನನ್ನ ಕೈಯಿಂದ ತುಸು ಸೇರಿಸದೆ ನನಗೆ ಸಮಾಧಾನವಿರಲಿಲ್ಲ. ಮಂಜು ಕವಿದರೆ ಅರ್ಧ ತಾಸು, ಸಾಮಾನು ತಡವಾದರೆ ಅರ್ಧ ತಾಸು, ಏನೂ ಆಗದಿದ್ದರೆ, ಏನಾದರೂ ಆಗಬಹುದಲ್ಲ ಎಂದು ಇನ್ನರ್ಧ ತಾಸು.

ನಾನು ಎಲ್ಲಕ್ಕಿಂತ ಹೆಚ್ಚು ಸಲ ಒತ್ತಿದ ಹೆಸರು ಗುವಾಹಟಿ. ಅಲ್ಲಿ ಮಾದೇವಿ ಇದ್ದಾಳೆ. ಅವಳ ತಾಯಿ ನಮ್ಮವ್ವನ ತಂಗಿ, ನನ್ನ ಚಿಗವ್ವ, ಆಳಂದ ತಾಲೂಕಿನ ಮಟಕಿಗೆ ಮದುವೆಯಾಗಿ ಹೋದವಳು. ಮಾದೇವಿ ಅವಳ ಒಬ್ಬಳೇ ಮಗಳು, ಶರಣಪ್ಪ ಒಬ್ಬನೇ ಮಗ. ನನಗೆ ಒಡಹುಟ್ಟಿದ ತಂಗಿಯರಿಲ್ಲದ್ದರಿಂದ ಪಂಚಮಿಗೆ ಅರಳು ಉಂಡೆ ಕಟ್ಟಿಕೊಡುತ್ತಿದ್ದವಳು ಈ ಮಾದೇವಿಯೇ. ಗಂಡನಿಗೆ ಅಲ್ಲಿ ರೈಲ್ವೆಯಲ್ಲಿ ಕೆಲಸ, ಇವಳು ಅಲ್ಲಿನ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಾಳೆ. ಅವಳು ಮೊದಲ ಸಲ ಗುವಾಹಟಿಗೆ ಹೋದ ವರ್ಷ ನಾನು ಮಟಕಿಗೆ ಹೋದಾಗ ಚಿಗವ್ವ ಕಟ್ಟೆಯ ಮೇಲೆ ಕೌದಿ ಹರಡಿಕೊಂಡು ಕೂತಿದ್ದಳು.

"ಮಾಸ್ತರ, ಗೌಟಿ ಎಷ್ಟು ದೂರ ಅದಪಾ?"

ಊರ ಹೆಸರು ಅವಳ ನಾಲಿಗೆಗೆ ಕಡೆಯವರೆಗೂ ಅಷ್ಟೇ ಒಗ್ಗಿತ್ತು. ಚೀಲದಲ್ಲಿದ್ದ ಶಾಲೆಯ ಅಟ್ಲಾಸು ತೆಗೆದು ನಡುಪುಟದ ಭಾರತವನ್ನು ಕೌದಿಯ ಮೇಲೆ ಬಿಡಿಸಿದೆ. ಅವಳು ಕನ್ನಡಕ ಏರಿಸಿ ಕಣ್ಣು ಹಾಯಿಸಿದಳು.

"ನಮ್ಮ ಮಟಕಿ ಎಲ್ಲದ ಇದರಾಗ?"

"ಇಷ್ಟು ಸಣ್ಣ ಊರು ಹಾಕಂಗಿಲ್ಲ ಚಿಗವ್ವ. ಇದು ಕಲಬುರಗಿ. ಇದರ ಬಾಜೂಕೇ ಅಂತ ತಿಳ್ಕೊ."

"ಗೌಟಿ ಹಾಕ್ಯಾರ, ಮಟಕಿ ಹಾಕಿಲ್ಲ. ಎಂಥಾ ಮಂದಿ ಇದ್ದಾರಪಾ!" ಎಂದು ಸೂಜಿಯ ದಾರದಿಂದ ಒಂದು ಉದ್ದ ಹರಿದು, ತುದಿಗೆ ಗಂಟು ಹಾಕಿ, ಆ ಗಂಟನ್ನು ಕಲಬುರಗಿಯ ಚುಕ್ಕಿಯ ಮೇಲೇ ಹೆಬ್ಬೆರಳಿಂದ ಒತ್ತಿ ಹಿಡಿದಳು. "ಈ ಗಂಟೇ ಮಟಕಿ. ನೀ ಆ ಕಡಿ ಹಿಡಿ." ನಾನು ಗುವಾಹಟಿಯವರೆಗೆ ದಾರ ಎಳೆದೆ. ಅಲ್ಲೊಂದು ಗಂಟು ಬಿತ್ತು. ಅವಳು ದಾರವನ್ನು ತನ್ನ ಕೈಗೆ ಹಿಡಿದು ನೋಡಿದಳು. ಹೆಬ್ಬೆರಳ ತುದಿಯಿಂದ ಕಿರುಬೆರಳವರೆಗೆ ಹೆಚ್ಚುಕಡಿಮೆ ಸರಿಹೋಯಿತು.

"ಗೇಣೂ ಇಲ್ಲಲ್ಲೋ! ಮತ್ತ್ಯಾಕ ಹಾಂಗ ಅತ್ಕೊಂತ ಹೋದಳು ಹುಚ್ಚಿ?"

ನಾನು ಮಾಸ್ತರನಲ್ಲವೇ, ಸುಮ್ಮನಿರಲಾಗಲಿಲ್ಲ. ರೈಲಿನಲ್ಲಾದರೆ ಎರಡು ದಿನದ ಮೇಲೆ, ಹೈದರಾಬಾದಿಗೆ ಹೋಗಿ ವಿಮಾನ ಹತ್ತಿದರೆ ಸಾವಿರದ ಏಳುನೂರು ಕಿಲೋಮೀಟರಿಗೆ ತುಸು ಕಡಿಮೆ, ಎರಡೂ ಮುಕ್ಕಾಲು ತಾಸು ಎಂದು ವಿವರಿಸಿದೆ. ಚಿಗವ್ವ ಎಲ್ಲ ಕೇಳಿ, "ನೀ ತಾಸು ಹೇಳ್ತಿ, ನಾ ಗೇಣು ಹಿಡಿತೀನಿ. ನಂದೇ ಸಣ್ಣದದ" ಎಂದು ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ದೂರವನ್ನು ಗೇಣಿಗೆ ಇಳಿಸಿದರೂ ಒಂದು ವಿಷಯ ನಮ್ಮಿಬ್ಬರ ಕೈಗೂ ಸಿಗುತ್ತಿರಲಿಲ್ಲ. ದೇಶಕ್ಕೆಲ್ಲ ಗಡಿಯಾರ ಒಂದೇ ಇದ್ದರೂ ಸೂರ್ಯ ಆ ಆಜ್ಞೆಯನ್ನು ಪಾಲಿಸುವುದಿಲ್ಲ. ಸಂಜೆ ಫೋನು ಮಾಡಿದರೆ ಮಾದೇವಿ ಆಗಲೇ ದೀಪ ಹಚ್ಚಿ, ಕಿಟಕಿ ಮುಚ್ಚಿ ಕೂತಿರುತ್ತಿದ್ದಳು, ಇಲ್ಲಿ ನಮ್ಮ ಅಂಗಳದಲ್ಲಿ ಇನ್ನೂ ಬಿಸಿಲು ಕಾಲು ಚಾಚಿಕೊಂಡಿರುತ್ತಿತ್ತು. "ನಿಮಗಿನ್ನಾ ಹೊತ್ತದ, ಪುಣ್ಯವಂತರು ನೀವು" ಎನ್ನುತ್ತಿದ್ದಳು. ಸಂಜೆಯ ಕಡೆ ನಮ್ಮ ಬಳಿ ಅವಳಿಗಿಂತ ಒಂದು ತಾಸಿನ ಹಗಲು ಹೆಚ್ಚಿಗೆ ಇದೆ ಎಂಬುದನ್ನು ನಾನು ಮಕ್ಕಳಿಗೆ ಪ್ರತಿವರ್ಷ ರೇಖಾಂಶದ ಪಾಠದಲ್ಲಿ ಹೇಳಿಕೊಟ್ಟೆ. ಅದನ್ನು ಯಾವುದಕ್ಕೆ ಬಳಸಬೇಕಿತ್ತು ಎಂಬುದು ಮಾತ್ರ ನನಗೆ ತಿಳಿಯದೆ ಹೋಯಿತು.

ಅವಳು ಊರಿಗೆ ಬರುವಾಗ, ಹೋಗುವಾಗ ನನ್ನನ್ನು ಕೇಳದೆ ಟಿಕೀಟು ತೆಗೆಸುತ್ತಿರಲಿಲ್ಲ. "ಅಣ್ಣಾ, ಎಷ್ಟಕ್ಕ ಮನಿ ಬಿಡಬೇಕು?" ನಾನು ಒಂದು ಹೊತ್ತು ಹೇಳುತ್ತಿದ್ದೆ. ಅವಳು ನಗುತ್ತಿದ್ದಳು, ಆದರೂ ನಾನು ಹೇಳಿದ ಹೊತ್ತಿಗೇ ಹೊರಟು, ಹೈದರಾಬಾದಿನ ಶಂಶಾಬಾದ ವಿಮಾನ ನಿಲ್ದಾಣದಲ್ಲಿ ನಾಲ್ಕು ತಾಸು ಮೊದಲೇ ಹೋಗಿ ಕೂತು, ಅಲ್ಲಿಂದ ಫೋನು ಮಾಡುತ್ತಿದ್ದಳು: "ಅಣ್ಣಾ, ಇಲ್ಲಿ ಕಸ ಹೊಡಿಯೋರೂ ಬಂದಿಲ್ರಿ ಇನ್ನಾ!" ಮಟಕಿಯಲ್ಲಿ ಹೀಗೆ ನನಗೊಂದು ಬಿರುದು ಬಂತು. ದೂರದ ವಿಷಯ ಬಂದರೆ ಮಾಸ್ತರನ್ನು ಕೇಳಿ ಎನ್ನತೊಡಗಿದರು. ಒಪ್ಪಿಕೊಳ್ಳುತ್ತೇನೆ, ಅದು ನನಗೆ ಹಿತವಾಗಿತ್ತು.

ಹೋದ ಬೇಸಿಗೆಯಲ್ಲಿ ಚಿಗವ್ವ ತೀರಿಕೊಂಡಳು. ನಸುಕಿನಲ್ಲಿ ಎದ್ದು ನೀರು ಕುಡಿದವಳು ಮತ್ತೆ ಮಲಗಿ ಏಳಲಿಲ್ಲ. ಸುದ್ದಿ ಮುಟ್ಟಿದಾಗ ಗುವಾಹಟಿಯಲ್ಲಿ ಬಿಸಿಲೇರಿತ್ತು, ಮಾದೇವಿಗೆ ದೈವವಶಾತ್ ಒಂಬತ್ತರ ಸುಮಾರಿನ ನೇರ ವಿಮಾನದಲ್ಲಿ ಒಂದು ಸೀಟು ಸಿಕ್ಕಿತು. ಶಾಲೆಗೆ ರಜೆಯಿದ್ದ ನಾನು ಒಂಬತ್ತೂವರೆಗೆಲ್ಲ ಮಟಕಿಯ ಅಂಗಳದಲ್ಲಿದ್ದೆ. ಚಿಗವ್ವನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ಮುಖದಲ್ಲಿ ಏನೋ ಕೇಳಲು ಹೊರಟು ಮರೆತವರ ಹಾಗಿನ ಭಾವ.

ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ. ಮಗಳು ಬಂದು ತನ್ನ ಕೈಯಾರೆ ತಾಯಿಯ ಹಣೆಗೆ ವಿಭೂತಿ ಹಚ್ಚಿದ ಮೇಲೆಯೇ ಮುಖ ಮುಚ್ಚಿ, ಸಮಾಧಿಯಲ್ಲಿ ಕೂಡಿಸಿ, ಮಣ್ಣು ಕೊಡುವುದು. ಇನ್ನೊಂದು ಪದ್ಧತಿ ಊರಿನದು. ಮನೆಗಳಲ್ಲಿ ದೀಪ ಹಚ್ಚುವುದರೊಳಗೆ ಮಣ್ಣು ಆಗಬೇಕು. ಬೇಸಿಗೆಯಲ್ಲಿ ಮರುದಿನಕ್ಕೆ ಇಡುವ ಹಾಗೂ ಇರಲಿಲ್ಲ. ಈ ಎರಡು ಪದ್ಧತಿಗಳ ನಡುವೆ ಇದ್ದದ್ದು ಒಂದೇ ಪ್ರಶ್ನೆ, ಮಾದೇವಿ ಎಷ್ಟಕ್ಕೆ ಬರುತ್ತಾಳೆ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ನನ್ನ ಫೋನು ರಿಂಗಾಯಿತು. "ಅಣ್ಣಾ, ಇಳದೀನಿ. ಗಾಡಿ ಮಾಡ್ಕೊಂಡೀನಿ. ಐದಕ್ಕ ಬಂದು ಮುಟ್ತೇನಿ. ಅವ್ವನ್ನ ತಡೀರಿ ಅಣ್ಣಾ" ಎಂದಳು. ತಡೆಯುತ್ತೇವೆ, ನೀನು ಸಾವಕಾಶ ಬಾ ಎಂದೆ. ನೋಡಿ, ಆಗಲೂ ನನ್ನ ಬಾಯಿಂದ ಬಂದ ಮಾತು ಸಾವಕಾಶ ಎಂಬುದೇ.

ಫೋನಿಟ್ಟಾಗ ಅಂಗಳದ ಮಂದಿ ನನ್ನತ್ತ ತಿರುಗಿತ್ತು. ಶರಣಪ್ಪ ಅತ್ತು ಅತ್ತು ಕೆಂಪಾದ ಕಣ್ಣಿನಲ್ಲಿ ಕೇಳಿದ: "ಎಷ್ಟಕ್ಕ ಬರ್ತಾಳ್ರಿ ಅಣ್ಣಾ? ನನಗೇನೂ ತಿಳಿವಲ್ದು. ನೀವು ಹೇಳಿದಂಗ ಮಾಡಾಮು."

ಐದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಐದು ಎಂದು ಹೇಳಿ, ಅವಳು ಏಳಾದರೂ ಬಾರದೆ, ಊರೆಲ್ಲ ಕತ್ತಲಲ್ಲಿ ನಿಂತು ನನ್ನ ಮುಖ ನೋಡುವ ಚಿತ್ರ ನನ್ನ ಕಣ್ಣಿಗೆ ಕಟ್ಟಿತು. ನಾನು ಬೆರಳು ಮಡಚತೊಡಗಿದೆ. ಹೈದರಾಬಾದಿನ ಹೊರವಲಯ ದಾಟಲು ಒಂದು ತಾಸು ಹೆಚ್ಚಿಗೆ ಹಿಡಿ. ಜಹೀರಾಬಾದಿನಲ್ಲಿ ಗದ್ದಲ, ಅರ್ಧ ತಾಸು. ಗಾಲಿ ಪಂಕ್ಚರಾದರೆ ಮುಕ್ಕಾಲು. ಡ್ರೈವರು ಊಟಕ್ಕೆ ನಿಲ್ಲಿಸದೆ ಇರುತ್ತಾನೆಯೇ? ಹುಮನಾಬಾದ ದಾಟಿದ ಮೇಲೆ ರಸ್ತೆ ಕೆಲಸ ನಡೆದಿದ್ದರೆ?

"ಏಳೂವರಿ" ಎಂದೆ. ತುಸು ತಡೆದು, "ಎಂಟಂತ ಇಟ್ಕೋರಿ" ಎಂದೆ.

ಬೇವಿನ ಬುಡದಲ್ಲಿ ಕೂತಿದ್ದ ಪಕ್ಕದ ಹೊಲದ ಮೈಬೂಬಸಾಬರು ತಲೆ ಎತ್ತಿದರು. ಚಿಗವ್ವ ಅವರನ್ನು ತಮ್ಮಾ ಎಂದು ಕರೆಯುತ್ತಿದ್ದಳು, ಅವರು ಅಕ್ಕಾ ಎನ್ನುತ್ತಿದ್ದರು. "ಎಂಟ್ಯಾಕ ಆಗ್ತದ್ರಿ ಮಾಸ್ತರ? ನಮ್ಮ ತಮ್ಮ ಹಜ್‌ಗೆ ಹೋಗುಮುಂದ ಶಂಶಾಬಾದಕ್ಕ ಬಿಟ್ಟು ಬಂದೀನಿ. ಚಾ ಕುಡದು, ನಮಾಜ ಮಾಡಿ, ಐದು ತಾಸಿಗೆ ಮನಿಗಿ ಬಂದೀನ್ರಿ."

ನಾನು ಏನು ಮಾಡಿದೆ ಗೊತ್ತೇ? ಮೊಬೈಲು ತೆಗೆದು ನಕ್ಷೆ ತೋರಿಸಿದೆ. ಕೆಂಪು ಗೆರೆಯಿರುವ ಕಡೆ ವಾಹನ ನಿಧಾನ ಎಂದು ವಿವರಿಸಿದೆ. ಅವರು ಪರದೆಯನ್ನು ನೋಡಿ, ನನ್ನನ್ನು ನೋಡಿ, "ನೀವು ಓದಿದವರು, ಹೌದನ್ರಿ ಮತ್ತ" ಎಂದರು. ದಾರಿಯನ್ನು ಮೈಯಿಂದ ಬಲ್ಲವರ ಬಾಯನ್ನು ದಾರಿಯನ್ನು ಬೆರಳಿಂದ ಬಲ್ಲವನು ಮುಚ್ಚಿಸಿದ. ಹಿರಿಯರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಎಂಟರವರೆಗೆ ಕಾಯಲಾಗದು, ಬಿಸಿಲು ತುಸು ಇಳಿದ ಮೇಲೆ ಎತ್ತೋಣ ಎಂದಾಯಿತು.

ಮಾದೇವಿಗೆ ಯಾರು ತಿಳಿಸುವುದು ಎಂಬ ಮಾತು ಬಂತು. ಅಳುತ್ತ ಬರುತ್ತಿರುವವಳಿಗೆ ದಾರಿಯಲ್ಲಿ ಇದನ್ನು ಹೇಳಿ ಏನು ಅನಾಹುತ ಆದೀತೋ, ಬಂದ ಮೇಲೆ ಹೇಳಿದರಾಯಿತು ಎಂದು ನಾನೇ ಅಂದೆ. ಇದನ್ನು ಎಲ್ಲರೂ ಕಳಕಳಿ ಎಂದುಕೊಂಡರು. ಆಗ ನಾನೂ ಹಾಗೆಯೇ ಅಂದುಕೊಂಡೆ.

ಭಜನೆಯವರು ಮುಂದೆ, ನಾವು ಹಿಂದೆ, ಊರ ಹೊರಗಿನ ಹೊಲದ ಬದುವಿನ ಮೇಲೆ ನಡೆಯುತ್ತಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದೆ. ಮಾದೇವಿ. ನಾಲ್ಕಕ್ಕೆ ಹತ್ತು ನಿಮಿಷ ಕಡಿಮೆ. ಎತ್ತಿದರೆ ತಾಳದ ಸದ್ದು ಅವಳಿಗೆ ಕೇಳಿಸುತ್ತದೆ, ಕೇಳಿಸಿದರೆ ಅವಳು ಕೇಳುತ್ತಾಳೆ, ಕೇಳಿದರೆ ನಾನು ಹೇಳಬೇಕಾಗುತ್ತದೆ. ಫೋನು ಅಂಗೈಯಲ್ಲಿ ಬೆದರಿದ ಗುಬ್ಬಿಯ ಹಾಗೆ ಅದುರಿ ಅದುರಿ ತಣ್ಣಗಾಯಿತು. ನಾನು ಅದನ್ನು ಜೇಬಿಗಿಳಿಸಿ ತಲೆ ತಗ್ಗಿಸಿ ನಡೆದೆ. ಮೈಬೂಬಸಾಬರು ಹೆಗಲು ಬದಲಿಸಲು ಬಂದವರು ಒಮ್ಮೆ ನನ್ನ ಜೇಬಿನತ್ತ ನೋಡಿದರು.

ಮಣ್ಣಾಯಿತು. ಎಲ್ಲರೂ ಒಂದೊಂದು ಹಿಡಿ ಹಾಕಿದರು. ಮೇಲೆ ನೀರು ಚಿಮುಕಿಸಿದರು. ಅರ್ಧ ಮಂದಿ ಕೈಕಾಲು ತೊಳೆಯಲು ಹೊರಟಿತ್ತು. ಅಷ್ಟರಲ್ಲಿ ಬದುವಿನ ಆಚೆ ಒಂದು ಬಿಳಿ ಕಾರು ಬಂದು ನಿಂತಿತು. ಐದು ಗಂಟೆ ಐದು ನಿಮಿಷ. ಹೊತ್ತು ಮುಳುಗಲು ಇನ್ನೂ ಒಂದೂವರೆ ತಾಸಿಗಿಂತ ಹೆಚ್ಚಿತ್ತು, ನೆರಳುಗಳು ಕೂಡ ಇನ್ನೂ ಪೂರ್ತಿ ಉದ್ದವಾಗಿರಲಿಲ್ಲ.

ಮಾದೇವಿ ಚಪ್ಪಲಿ ಕಳೆದು ಉಳುಮೆಯ ಹೆಂಟೆಗಳ ಮೇಲೆ ಎಡವುತ್ತ ಬಂದಳು. ಹಸಿ ಮಣ್ಣಿನ ದಿಬ್ಬ ಕಂಡು ನಿಂತುಬಿಟ್ಟಳು. ಅಳಲಿಲ್ಲ. ನನ್ನ ಮುಖ ನೋಡಿ, ಟಿಕೀಟಿನ ವಿಷಯ ಕೇಳುವ ಅದೇ ದನಿಯಲ್ಲಿ ಕೇಳಿದಳು:

"ಎಷ್ಟೊತ್ತಾತ್ರಿ ಅಣ್ಣಾ?"

"ಅರ್ಧ ತಾಸು."

ನನ್ನ ಜೀವಮಾನದಲ್ಲಿ ಏನನ್ನೂ ಸೇರಿಸದೆ ನಾನು ಹೇಳಿದ ಮೊದಲ ಲೆಕ್ಕ ಅದು.

ಅವಳು ತಟ್ಟೆಯಲ್ಲಿದ್ದ ವಿಭೂತಿ ಗಟ್ಟಿ ತೆಗೆದುಕೊಂಡು ದಿಬ್ಬದ ಹತ್ತಿರ ಕೂತಳು. ಕೈ ಗಾಳಿಯಲ್ಲೇ ನಿಂತಿತು. "ಅವ್ವನ ಮಾರಿ ಯಾ ದಿಕ್ಕಿಗದ?" ಎಂದಳು. ದಿಕ್ಕು ಹೇಳುವುದು ನನ್ನ ವೃತ್ತಿ. ಕೈ ಎತ್ತಿ ಮೂಡಣಕ್ಕೆ ತೋರಿಸಿದೆ. ಅಲ್ಲಿಂದ ತುಸು ಬಡಗಣಕ್ಕೆ ವಾಲಿದರೆ ಗುವಾಹಟಿ. ಆ ಕಡೆಯ ಹಸಿ ಮಣ್ಣಿನ ಮೇಲೆ, ಹಣೆ ಎಲ್ಲಿರಬಹುದೆಂದು ಅಂದಾಜು ಮಾಡಿ, ಅವಳು ಮೂರು ಬೆರಳಲ್ಲಿ ವಿಭೂತಿ ಎಳೆದಳು. ಮಣ್ಣು ಹಸಿಯಿದ್ದುದರಿಂದ ಬಿಳುಪು ನಿಲ್ಲಲಿಲ್ಲ. ಮತ್ತೊಮ್ಮೆ ಎಳೆದಳು.

ಮೂರನೆಯ ದಿನ ಸಮಾಧಿಗೆ ಹಾಲು ಎರೆದು ಬಂದ ಮೇಲೆ, ಅದೇ ಕಟ್ಟೆಯ ಮೇಲೆ, ನಾನಾಗಿಯೇ ಬಾಯಿಬಿಟ್ಟೆ. "ಮಾದೇವಿ, ಎಂಟಂತ ಹೇಳಿದಾವ ನಾನೇ."

"ಗೊತ್ತದ್ರಿ. ಊರೆಲ್ಲಾ ಹೇಳ್ಯಾರ." ಅವಳು ಕಂಬದ ಮೇಲಿನ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದಳು. "ನಿಮ್ಮ ಸ್ವಭಾವ ನನಗ ಹೊಸದೇನ್ರಿ? ನಾಲ್ಕು ತಾಸು ಮೊದ್ಲೇ ಹೋಗಿ ಕೂತಾಕಿ ನಾನು. ಎಂಟಂತ ಹೇಳಿದ್ದಕ್ಕ ನನಗೇನೂ ಇಲ್ಲ ಅಣ್ಣಾ." ಬೆರಳು ನಿಂತಿತು. "ಕಲಬುರಗಿ ದಾಟಿ ಫೋನ್ ಮಾಡಿದ್ದೆ. ಎದಕ್ಕ ಎತ್ತಲಿಲ್ಲ?"

ಉತ್ತರ ನನ್ನ ಬಳಿ ಇತ್ತು. ಹೆದರಿದೆ ಎಂಬ ಒಂದೇ ಮಾತು. ಅದನ್ನು ಹೇಳಲೂ ಹೆದರಿ, "ಗದ್ದಲದಾಗ..." ಎಂದು ತೊದಲಿದೆ. ಅವಳು ಹೌದು ಎಂಬಂತೆ ತಲೆಯಾಡಿಸಿ ಒಳಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಈ ದಾರವಿತ್ತು. "ಅವ್ವನ ಟ್ರಂಕಿನ್ಯಾಗಿತ್ತು. ಅಟ್ಲಾಸ್ ನಿಮ್ಮ ಹಂತೇಕೇ ಅದಲ್ರಿ, ಇದೂ ಇರಲಿ."

ಅವಳು ಹೊರಡುವ ದಿನ ನಾನು ನಸುಕಿನಲ್ಲೇ ಎದ್ದು, ಕೇಳಿದರೆ ಹೇಳಲೆಂದು ಒಂದು ಹೊತ್ತು ಸಿದ್ಧ ಮಾಡಿಕೊಂಡು ಕೂತಿದ್ದೆ, ಈ ಸಲ ಒಂದು ನಿಮಿಷವೂ ಸೇರಿಸಿರಲಿಲ್ಲ. ಮಾದೇವಿ ಚೀಲ ಹಿಡಿದು ಹೊರಗೆ ಬಂದಳು, ನನ್ನ ಕಾಲಿಗೆ ನಮಸ್ಕಾರ ಮಾಡಿದಳು, ಕಾರಿನ ಹತ್ತಿರ ಹೋಗಿ ಡ್ರೈವರನ್ನು ಕೇಳಿದಳು: "ಈಗ ಬಿಟ್ರ ಎಷ್ಟಕ್ಕ ಮುಟ್ತೇವ್ರಿ?" ಅವನು, "ಐದು ತಾಸ್ರಿ ಅಕ್ಕಾರ, ಆರಾಮ" ಎಂದ. ಬೇವಿನ ಬುಡದಲ್ಲಿ ಮೈಬೂಬಸಾಬರು ಕೆಮ್ಮಿದರು.

ಈಗಲೂ ನಾನು ಊಟವಾದ ಮೇಲೆ ಮೊಬೈಲು ಹಿಡಿಯುತ್ತೇನೆ, ಆದರೆ ಊರುಗಳ ಹೆಸರು ಒತ್ತುವುದಿಲ್ಲ. ಪಟ್ಟಿಯಲ್ಲಿ ಕೆಳಗೆ ಕೆಳಗೆ ಹೋಗಿ, ಮೂರು ಐವತ್ತು ಎಂದು ಬರೆದ ಆ ಎತ್ತದ ಕರೆಯನ್ನು ನೋಡುತ್ತೇನೆ. ಗುವಾಹಟಿ ದೂರವೆಂದು ಇಷ್ಟು ವರ್ಷ ಲೆಕ್ಕ ಹಾಕಿದೆನಲ್ಲ, ಆ ದೂರವನ್ನೆಲ್ಲ ಅವಳು ಒಂದೇ ಹಗಲಿನಲ್ಲಿ ಹಾರಿ, ಓಡಿ, ಮುಗಿಸಿದ್ದಳು. ಉಳಿದದ್ದು ಜೇಬಿನಿಂದ ಕಿವಿಯವರೆಗಿನದು. ಅದು ನನ್ನ ಪಾಲಿನ ದಾರಿಯಾಗಿತ್ತು.

ನಿನ್ನೆ ಅಟ್ಲಾಸು ಬಿಡಿಸಿ ದಾರವನ್ನು ಇಟ್ಟು ನೋಡಿದೆ. ಆ ತುದಿ ಇಂದಿಗೂ ಗುವಾಹಟಿಗೆ ಸರಿಯಾಗಿ ಮುಟ್ಟುತ್ತದೆ. ಈ ತುದಿಯಲ್ಲಿ ಚಿಗವ್ವ ಮಟಕಿ ಎಂದು ಹಾಕಿದ ಗಂಟು. ಅವಳು ಒತ್ತಿ ಹಿಡಿದಿದ್ದ ಜಾಗದಲ್ಲೇ ನಾನೂ ಹೆಬ್ಬೆರಳಿಂದ ಒತ್ತಿದೆ, ಕಲಬುರಗಿಯ ಚುಕ್ಕಿ ಕಾಣಲಿಲ್ಲ. ಬೆರಳು ತೆಗೆದೆ, ಆಗಲೂ ಕಾಣಲಿಲ್ಲ, ಗಂಟಿನ ಅಡಿಯಲ್ಲಿತ್ತು. ಮಾದೇವಿ ಕಲಬುರಗಿ ದಾಟಿ ಫೋನು ಮಾಡಿದಾಗ ಅವಳಿಗೂ ಅವಳ ಅವ್ವನ ಮುಖಕ್ಕೂ ಉಳಿದಿದ್ದ ದೂರ ಒಂದು ಗಂಟಿನ ಅಗಲಕ್ಕಿಂತ ಕಡಿಮೆ.